ತಾತನ ಮಂಡಿ ಮಾತ್ರೆ ಮತ್ತು ಹದಿನಾಲ್ಕು ಲಕ್ಷ ಜನರ ಲೆಕ್ಕ

ತುಂಬಾ ದಿನದಿಂದ ಬರೀಬೇಕು ಅಂದುಕೊಂಡು ಮುಂದೂಡುತ್ತಾ ಬಂದಿದ್ದ ವಿಷಯ ಇದು. ಕಳೆದ ದೀಪಾವಳಿಗೆ ಊರಿಗೆ ಹೋಗಿದ್ದಾಗ ಅಟ್ಟದ ಮೇಲಿದ್ದ ಹಳೇ ಟ್ರಂಕನ್ನು ಕೆಳಗಿಳಿಸಿ ಧೂಳು ಹೊಡೆಯುವ ಕೆಲಸ ನನ್ನ ಪಾಲಿಗೆ ಬಂತು. ಅದರ ತುಂಬಾ ತಾತನ ಲೆಕ್ಕದ ಪುಸ್ತಕಗಳು. ತಾತ ಪ್ರೈಮರಿ ಸ್ಕೂಲ್ ಮೇಷ್ಟ್ರು, ರಿಟೈರ್ ಆದಮೇಲೂ ಲೆಕ್ಕ ಬರೆಯೋದು ಬಿಡಲಿಲ್ಲ. ಹಾಲು, ಸೊಪ್ಪು, ಬಸ್ ಚಾರ್ಜು, ಎಲೆ ಅಡಿಕೆ, ಬೀಡಿ, ಎಲ್ಲಾ ದಿನವಾರು. 2003ರ ಪುಸ್ತಕದಲ್ಲಿ ಪ್ರತಿ ತಿಂಗಳೂ ಒಂದು ಸಾಲು: ಮಂಡಿ ಮಾತ್ರೆ. ಎಲ್ಲಿವರೆಗೆ ಬರೆದಿದ್ದೇನೆ ಅನ್ನೋ ಗುರುತಿಗೆ ಅವರು ಇಟ್ಟುಕೊಂಡಿದ್ದುದು ಖಾಲಿಯಾದ ಒಂದು ಮಾತ್ರೆ ಸ್ಟ್ರಿಪ್. ಅದರ ಹಿಂದೆ ಸಣ್ಣಕ್ಷರದಲ್ಲಿ 'ರೋಫೆಕಾಕ್ಸಿಬ್ 25 ಮಿ.ಗ್ರಾಂ' ಅಂತ ಇತ್ತು.

ತಾತ ಹೋಗಿದ್ದು 2004ರ ಮಾರ್ಚ್‌ನಲ್ಲಿ. ಬೆಳಿಗ್ಗೆ ಹಿತ್ತಲಿಗೆ ಹೋದವರು ಅಲ್ಲೇ ಕುಸಿದರು, ಡಾಕ್ಟರು ಹಾರ್ಟ್ ಅಟ್ಯಾಕ್ ಅಂದರು. ಆಗ ನನಗೆ ಏಳು ವರ್ಷ. ಅವರಿಗೆ ಎಪ್ಪತ್ತೊಂದು.

ಆ ಮಾತ್ರೆಯ ಹೆಸರನ್ನು ಮೊಬೈಲಿನಲ್ಲಿ ಹುಡುಕಿದವನು ಟ್ರಂಕಿನ ಪಕ್ಕದಲ್ಲೇ ಒಂದು ಗಂಟೆ ಕೂತುಬಿಟ್ಟೆ. ಅಮ್ಮ ಎರಡು ಸಲ ಊಟಕ್ಕೆ ಕರೆದರೂ ಏಳಲಿಲ್ಲ.

ಮೊದಲೇ ಒಂದು ಮಾತು ಹೇಳಿಬಿಡ್ತೀನಿ. ತಾತ ಹೋಗಿದ್ದು ಆ ಮಾತ್ರೆಯಿಂದ ಅಂತ ನಾನು ಹೇಳ್ತಿಲ್ಲ. ಯಾರಿಂದಲೂ ಹೇಳೋಕೆ ಆಗಲ್ಲ. ಅವರಿಗೆ ಬಿಪಿ ಇತ್ತು, ಬೀಡಿ ಇತ್ತು, ವಯಸ್ಸಾಗಿತ್ತು. ಒಬ್ಬ ಮನುಷ್ಯನ ಸಾವನ್ನು ಎಷ್ಟು ಹತ್ತಿರದಿಂದ ನೋಡಿದರೂ ಕಾಣದ ಉತ್ತರ ಲಕ್ಷಾಂತರ ಜನರ ಲೆಕ್ಕವನ್ನು ಒಟ್ಟಿಗೆ ಇಟ್ಟಾಗ ಕಾಣುತ್ತೆ. ಇದು ಮನುಷ್ಯರಿಗೆ ಅರ್ಥವಾಗೋಕೆ ನೂರೈವತ್ತು ವರ್ಷಕ್ಕೂ ಹೆಚ್ಚು ಹಿಡಿಯಿತು. ಆ ಕಥೆಯನ್ನೇ ಬರೀತಿದ್ದೀನಿ. ನಾನು ಡಾಕ್ಟರಲ್ಲ, ಹೊಟ್ಟೆಪಾಡಿಗೆ ಡೇಟಾಬೇಸ್ ಕೆಲಸ ಮಾಡುವವನು. ಹಾಗಾಗಿ ಕಥೆ ಸ್ವಲ್ಪ ಆ ಕಡೆಗೇ ವಾಲಿದರೆ ಕ್ಷಮೆ ಇರಲಿ :-)

ಶುರು ಮಾಡಬೇಕಾದ್ದು ಕ್ಲೋರೋಫಾರ್ಮಿನಿಂದ. ಎಡಿನ್‌ಬರೋದ ಜೇಮ್ಸ್ ಯಂಗ್ ಸಿಂಪ್ಸನ್ ಅದನ್ನು ಬಳಕೆಗೆ ತಂದಿದ್ದು 1847ರ ನವೆಂಬರಿನಲ್ಲಿ. ಮೂರು ತಿಂಗಳೂ ಕಳೆದಿರಲಿಲ್ಲ, 1848ರ ಜನವರಿ 28ರಂದು ಇಂಗ್ಲೆಂಡಿನ ನ್ಯೂಕ್ಯಾಸಲ್ ಹತ್ತಿರ ಹ್ಯಾನಾ ಗ್ರೀನರ್ ಅನ್ನೋ ಹದಿನೈದು ವರ್ಷದ ಹುಡುಗಿ ಕಾಲ್ಬೆರಳ ಉಗುರು ತೆಗೆಸಿಕೊಳ್ಳೋಕೆ ಕೂತವಳು ಕ್ಲೋರೋಫಾರ್ಮ್ ಕೊಟ್ಟ ಕೆಲವೇ ನಿಮಿಷಗಳಲ್ಲಿ ಸತ್ತುಹೋದಳು. ಉಗುರಿಗೆ ಯಾರೂ ಸಾಯಲ್ಲ ಅನ್ನೋದು ಎಲ್ಲರಿಗೂ ಗೊತ್ತಿದ್ದ ವಿಷಯ, ಹಾಗಾಗಿ ಅನುಮಾನ ನೇರವಾಗಿ ಔಷಧಿಯ ಮೇಲೇ ಬಂತು. ಆದರೆ ಸಾಯಿಸಿದ್ದು ಹೃದಯ ನಿಂತಿದ್ದೋ, ಉಸಿರು ನಿಂತಿದ್ದೋ? ಈ ಜಗಳ ಅರವತ್ತು ವರ್ಷ ನಡೆಯಿತು.

ಅಂದಹಾಗೆ ಈ ಜಗಳದ ಒಂದು ದೊಡ್ಡ ಅಂಕ ನಡೆದಿದ್ದು ನಮ್ಮ ಪಕ್ಕದ ಹೈದರಾಬಾದಿನಲ್ಲಿ! ಅಲ್ಲಿದ್ದ ಎಡ್ವರ್ಡ್ ಲಾರಿ ಅನ್ನೋ ಸರ್ಜನ್ನಿಗೆ ಕ್ಲೋರೋಫಾರ್ಮ್ ಮೇಲೆ ಅಪಾರ ನಂಬಿಕೆ. ಉಸಿರಾಟ ಒಂದನ್ನು ನೋಡಿಕೊಂಡರೆ ಸಾಕು, ಹೃದಯಕ್ಕೆ ಏನೂ ಆಗಲ್ಲ ಅಂತ ಅವನ ವಾದ. ಅದನ್ನು ಸಾಬೀತು ಮಾಡೋಕೆ 1888ರಲ್ಲಿ ಒಂದು ಆಯೋಗ ಮಾಡಿದ. ಲಂಡನ್ನಿನ 'ಲ್ಯಾನ್ಸೆಟ್' ಪತ್ರಿಕೆ ಒಪ್ಪಲಿಲ್ಲ. ಸರಿ, ನೀವೇ ಒಬ್ಬರನ್ನು ಕಳಿಸಿ ಅಂತ ನಿಜಾಮರು ಸಾವಿರ ಪೌಂಡ್ ಕೊಟ್ಟರು. 1889ರಲ್ಲಿ ಲಾಡರ್ ಬ್ರಂಟನ್ ಹಡಗು ಹತ್ತಿ ಬಂದ. ನೂರಾರು ನಾಯಿ, ಕೋತಿಗಳ ಮೇಲೆ ಪ್ರಯೋಗ ನಡೆದವು. ಕೊನೆಗೆ ಬಂದವನೂ ಲಾರಿಯ ಮಾತನ್ನೇ ಒಪ್ಪಿಬಿಟ್ಟ.

ಆದರೆ ಆಸ್ಪತ್ರೆಗಳಲ್ಲಿ ಜನ ಸಾಯುವುದು ನಿಲ್ಲಲಿಲ್ಲವಲ್ಲ? ಲ್ಯಾನ್ಸೆಟ್ ಆಗ ಬೇರೆ ದಾರಿ ಹಿಡಿಯಿತು. ಅರಿವಳಿಕೆ ಕೊಡುವಾಗ ಆದ ಸಾವುಗಳ ವಿವರ ಬರೆದು ಕಳಿಸಿ ಅಂತ ಡಾಕ್ಟರುಗಳನ್ನು ಕೇಳಿಕೊಂಡು, ಬಂದಿದ್ದನ್ನೆಲ್ಲ ಒಟ್ಟುಮಾಡಿ 1893ರಲ್ಲಿ ವರದಿ ಪ್ರಕಟಿಸಿತು. ಔಷಧಿಯ ಅಡ್ಡ ಪರಿಣಾಮವನ್ನು ಪ್ರಯೋಗಶಾಲೆಯ ಬದಲು ಡಾಕ್ಟರುಗಳ ಅನುಭವದ ಪಟ್ಟಿಯಲ್ಲಿ ಹುಡುಕಿದ ಮೊದಮೊದಲ ಪ್ರಯತ್ನ ಅದು. 1911ರಲ್ಲಿ ಲೆವಿ ಅನ್ನೋರು, ಅರೆಬರೆ ಅರಿವಳಿಕೆಯಲ್ಲಿ ಅಡ್ರಿನಲಿನ್ ಏರಿದಾಗ ಕ್ಲೋರೋಫಾರ್ಮ್ ಹೃದಯದ ಬಡಿತವನ್ನೇ ಕೆಡಿಸಿ ಕೊಲ್ಲುತ್ತೆ ಅಂತ ತೋರಿಸಿದರು. ಹೈದರಾಬಾದಿನ ಅಷ್ಟೊಂದು ನಾಯಿಗಳು ಸತ್ತಿದ್ದು ದಂಡವಾಯಿತು.

ಆಮೇಲೆ ಬಹಳ ಕಾಲ ಇಂಥ ಪಟ್ಟಿಗಳ ಗೋಜಿಗೆ ಯಾವ ಸರ್ಕಾರವೂ ಗಟ್ಟಿಯಾಗಿ ಹೋಗಲಿಲ್ಲ. ಥಾಲಿಡೋಮೈಡ್ ಬರುವ ತನಕ.

ಥಾಲಿಡೋಮೈಡ್ ಕಥೆ ಹಲವರಿಗೆ ಗೊತ್ತಿರುತ್ತೆ, ಚುಟುಕಾಗಿ ಹೇಳ್ತೀನಿ. ಪಶ್ಚಿಮ ಜರ್ಮನಿಯಲ್ಲಿ 1957ರ ಅಕ್ಟೋಬರ್‌ನಲ್ಲಿ ನಿದ್ದೆ ಮಾತ್ರೆಯಾಗಿ ಬಂತು, ಡಾಕ್ಟರ ಚೀಟಿಯೂ ಬೇಕಿರಲಿಲ್ಲ. ಬಸುರಿಯರು ವಾಂತಿ, ಸಂಕಟಕ್ಕೂ ತಗೊಂಡರು. ಕೈಕಾಲು ಬೆಳೆಯದ ಮಕ್ಕಳು ಹುಟ್ಟತೊಡಗಿದವು, ಹತ್ತು ಸಾವಿರಕ್ಕೂ ಹೆಚ್ಚು. ಆಸ್ಟ್ರೇಲಿಯಾದ ವಿಲಿಯಂ ಮೆಕ್‌ಬ್ರೈಡ್ ಮತ್ತು ಹ್ಯಾಂಬರ್ಗಿನ ಮಕ್ಕಳ ಡಾಕ್ಟರ್ ವಿಡುಕಿಂಡ್ ಲೆಂಟ್ಸ್ ಬೇರೆ ಬೇರೆಯಾಗಿ ಮಾತ್ರೆಯ ಕಡೆಗೆ ಬೆರಳು ತೋರಿಸಿದರು. 1961ರ ನವೆಂಬರ್ ಕೊನೆಗೆ ಜರ್ಮನಿಯಲ್ಲಿ, ಡಿಸೆಂಬರ್ ಮೊದಲಿಗೆ ಬ್ರಿಟನ್ನಿನಲ್ಲಿ ಅದನ್ನು ವಾಪಸ್ ತೆಗೆದರು. ಅಮೆರಿಕದಲ್ಲಿ ಫ್ರಾನ್ಸಿಸ್ ಕೆಲ್ಸಿ ಅನ್ನೋ ಅಧಿಕಾರಿ ಒಪ್ಪಿಗೆ ಕೊಡದೆ ಸತಾಯಿಸಿದ್ದರಿಂದ ಅಲ್ಲಿ ಅದು ಮಾರಾಟಕ್ಕೇ ಬರಲಿಲ್ಲ.

ನನಗೆ ಇದರಲ್ಲಿ ಬೇಜಾರಾಗುವುದು ನಾಲ್ಕು ವರ್ಷ ಹಿಡಿಯಿತಲ್ಲ ಅನ್ನೋದು. ಅದೂ ಎಂಥಾ ಕುರುಹು! ಅಂಥ ಮಗು ಹುಟ್ಟುವುದು ಎಷ್ಟು ಅಪರೂಪ ಅಂದರೆ, ಒಬ್ಬ ಡಾಕ್ಟರು ತನ್ನ ಇಡೀ ವೃತ್ತಿಯಲ್ಲಿ ಒಂದನ್ನೂ ನೋಡದೇ ಇರಬಹುದಿತ್ತು. ಆದರೂ ಒಬ್ಬೊಬ್ಬ ಡಾಕ್ಟರ ಕಣ್ಣಿಗೂ ಒಂದೋ ಎರಡೋ ಬಿದ್ದವು, ಎಲ್ಲವನ್ನೂ ಒಂದೇ ಮೇಜಿನ ಮೇಲೆ ಇಟ್ಟು ನೋಡುವವರು ಇರಲಿಲ್ಲ.

ಆ ಮೇಜನ್ನು ಹಾಕಿದ್ದು ಬ್ರಿಟನ್, 1964ರಲ್ಲಿ. ಡೆರಿಕ್ ಡನ್‌ಲಪ್ ಅಧ್ಯಕ್ಷತೆಯ ಸಮಿತಿ ದೇಶದ ಎಲ್ಲಾ ಡಾಕ್ಟರುಗಳಿಗೂ ಹಳದಿ ಕಾರ್ಡುಗಳನ್ನು ಕಳಿಸಿತು. ಔಷಧಿಯಿಂದ ಏನಾದರೂ ಆಯಿತು ಅಂತ ಅನುಮಾನ ಬಂದರೆ ಬರೆದು ಅಂಚೆಗೆ ಹಾಕಿ, ಪುರಾವೆ ಬೇಡ, ಅನುಮಾನ ಸಾಕು. ಇದನ್ನು ಕಟ್ಟಿ ನಿಲ್ಲಿಸಿದವರು ಬಿಲ್ ಇನ್‌ಮನ್. ಓದುವ ಕಾಲದಲ್ಲೇ ಪೋಲಿಯೋ ಬಡಿದು ಗಾಲಿಕುರ್ಚಿ ಹಿಡಿದಿದ್ದ ಡಾಕ್ಟರು. ಗರ್ಭನಿರೋಧಕ ಮಾತ್ರೆ ತಗೊಳ್ಳುವ ಹೆಂಗಸರಲ್ಲಿ ರಕ್ತ ಹೆಪ್ಪುಗಟ್ಟುತ್ತಿದೆ ಅನ್ನೋದು ಈ ಕಾರ್ಡುಗಳಲ್ಲಿ ಕಾಣಿಸಿತು. ಇನ್‌ಮನ್ ಮತ್ತು ಮಾರ್ಟಿನ್ ವೆಸ್ಸಿ ಸಾವುಗಳ ಬೆನ್ನು ಹತ್ತಿ 1968ರಲ್ಲಿ ಪ್ರಕಟಿಸಿದರು. ಈಸ್ಟ್ರೋಜನ್ ಜಾಸ್ತಿ ಇದ್ದಷ್ಟೂ ಅಪಾಯ ಜಾಸ್ತಿ ಅಂತ ಗೊತ್ತಾದ ಮೇಲೆ 1969ರ ಕೊನೆಗೆ ಕಡಿಮೆ ಈಸ್ಟ್ರೋಜನ್ ಇರುವ ಮಾತ್ರೆಗಳನ್ನೇ ಬರೆಯಿರಿ ಅಂತ ಡಾಕ್ಟರುಗಳಿಗೆ ಸೂಚನೆ ಹೋಯಿತು.

ಇತ್ತ 1968ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಹತ್ತು ದೇಶಗಳ ವರದಿಗಳನ್ನು ಒಟ್ಟು ಸೇರಿಸಲು ಶುರು ಮಾಡಿತು. ಆ ಭಂಡಾರ 1978ರಿಂದ ಸ್ವೀಡನ್ನಿನ ಉಪ್ಸಾಲಾದಲ್ಲಿದೆ. ಈಗ ಅದರಲ್ಲಿ ಮೂರು ಕೋಟಿಗೂ ಹೆಚ್ಚು ವರದಿಗಳಿವೆ.

ಈಗ ನಮ್ಮಂಥವರಿಗೆ ಇಷ್ಟವಾಗುವ ಭಾಗ. ಲಕ್ಷಗಟ್ಟಲೆ ಕಾರ್ಡು ಬಂದು ಬಿದ್ದರೆ ಓದುವವರು ಯಾರು? ಜೊತೆಗೆ ಇನ್ನೊಂದು ಫಜೀತಿ: ಆ ಮಾತ್ರೆಯನ್ನು ಒಟ್ಟು ಎಷ್ಟು ಜನ ನುಂಗಿದ್ದಾರೆ ಅನ್ನೋದು ಕಾರ್ಡಿನಲ್ಲಿ ಇರಲ್ಲ. ಛೇದವಿಲ್ಲದ ಭಿನ್ನರಾಶಿ! ತಾತ ಇದ್ದಿದ್ದರೆ ಇಂಥ ಲೆಕ್ಕ ಬರೆದವನ ಕಿವಿ ಹಿಂಡುತ್ತಿದ್ದರು.

ಇದಕ್ಕೆ ಸ್ಟೀಫನ್ ಇವಾನ್ಸ್ ಮತ್ತು ಜೊತೆಗಾರರು 2001ರಲ್ಲಿ ಪ್ರಕಟಿಸಿದ ಉಪಾಯ ಎಷ್ಟು ಸರಳ ಅಂದರೆ ನಾನು ಎಕ್ಸೆಲ್ಲಿನಲ್ಲಿ ಹಾಕಿ ನೋಡಿದೆ. ಅವರು ಕೊಟ್ಟ ಉದಾಹರಣೆ ರಿಫಾಬ್ಯೂಟಿನ್ ಅನ್ನೋ ಔಷಧಿ. ಬ್ರಿಟನ್ನಿನ ಹಳದಿ ಕಾರ್ಡು ಡೇಟಾಬೇಸಿನಲ್ಲಿ ಅದರ ಮೇಲೆ ಇದ್ದದ್ದು ಬರೀ 55 ದೂರು. ಅದರಲ್ಲಿ 41 ಕಣ್ಣಿನ ಒಳಗಿನ ಉರಿಯೂತದ್ದು. ಉಳಿದ ಎಲ್ಲಾ ಔಷಧಿಗಳ ಮೇಲಿದ್ದ 5,92,712 ದೂರುಗಳಲ್ಲಿ ಆ ಕಣ್ಣಿನ ತೊಂದರೆಯವು 754 ಮಾತ್ರ. ಅಂದರೆ ಒಂದು ಕಡೆ ನೂರಕ್ಕೆ ಎಪ್ಪತ್ತೈದು, ಇನ್ನೊಂದು ಕಡೆ ಸಾವಿರಕ್ಕೆ ಒಂದೂ ಕಾಲು. ಭಾಗಿಸಿದರೆ 586 ಬರುತ್ತೆ. ಎರಡಕ್ಕಿಂತ ಜಾಸ್ತಿ ಬಂದು, ಕನಿಷ್ಠ ಮೂರು ದೂರುಗಳಿದ್ದು, ಕಾಕತಾಳೀಯ ಅಲ್ಲ ಅಂತ ಸಂಖ್ಯಾಶಾಸ್ತ್ರದ ಪರೀಕ್ಷೆಯೂ ಹೇಳಿದರೆ ಆ ಜೋಡಿಯನ್ನು ಮನುಷ್ಯರು ಕೂತು ನೋಡಬೇಕು. ಎಷ್ಟು ಜನ ನುಂಗಿದರು ಅನ್ನೋದು ಗೊತ್ತಿಲ್ಲದಿದ್ದರೂ ದೂರುಗಳನ್ನು ದೂರುಗಳ ಜೊತೆಗೇ ಹೋಲಿಸಿ ಬಚಾವಾಗುವ ಜಾಣತನ ಇದು. ಉಪ್ಸಾಲಾದವರು ಇಂಥದೇ ಕೆಲಸಕ್ಕೆ ಬೇಯಸ್ ಸೂತ್ರದ ನ್ಯೂರಲ್ ನೆಟ್‌ವರ್ಕ್ ಹೂಡಿದ್ದನ್ನು ಪ್ರಕಟಿಸಿದ್ದು 1998ರಲ್ಲಿ. ನ್ಯೂರಲ್ ನೆಟ್‌ವರ್ಕ್ ಅನ್ನೋದು ನಿನ್ನೆ ಮೊನ್ನೆ ಹುಟ್ಟಿತು ಅಂದುಕೊಂಡಿರುವ ನನ್ನ ಟೀಮಿನ ಹುಡುಗರಿಗೆ ಇದನ್ನು ಓದಿಸಬೇಕು.

ಸರಿ, ಹಾಗಾದರೆ ರೋಫೆಕಾಕ್ಸಿಬ್ ಹೇಗೆ ತಪ್ಪಿಸಿಕೊಂಡಿತು?

ಕಾರಣ ಯೋಚಿಸಿದರೆ ಮೈ ಜುಂ ಅನ್ನುತ್ತೆ. ಕೈಯಿಲ್ಲದ ಮಗು ಹುಟ್ಟಿದರೆ ಇಡೀ ಊರೇ ಮಾತಾಡುತ್ತೆ. ಕಣ್ಣು ಕೆಂಪಾಗಿ ಊದಿದರೆ ಡಾಕ್ಟರು ಹೊಸದಾಗಿ ಯಾವ ಮಾತ್ರೆ ತಗೊಂಡಿರಿ ಅಂತ ಕೇಳ್ತಾರೆ. ಎಪ್ಪತ್ತು ದಾಟಿದ, ಮಂಡಿ ನೋವಿರುವ ಮುದುಕರಿಗೆ ಹಾರ್ಟ್ ಅಟ್ಯಾಕ್ ಆದರೆ? ಪಾಪ, ವಯಸ್ಸಾಗಿತ್ತು ಅಂತಾರೆ. ಯಾರೂ ಕಾರ್ಡು ಬರೆಯಲ್ಲ. ಒಂದು ಔಷಧಿ ಅಪರೂಪದ ರೋಗ ತಂದರೆ ಸಿಕ್ಕಿಬೀಳುತ್ತೆ, ಎಲ್ಲರಿಗೂ ಬರುವ ರೋಗವನ್ನೇ ಇನ್ನಷ್ಟು ಜನರಿಗೆ ತಂದರೆ ಜನಸಂದಣಿಯಲ್ಲಿ ಜೇಬುಗಳ್ಳನ ಹಾಗೆ ಮರೆಯಾಗುತ್ತೆ.

ಮರ್ಕ್ ಕಂಪನಿಯ ಈ ಮಾತ್ರೆಗೆ (ಅಲ್ಲಿ ಅದರ ಹೆಸರು ವಯಾಕ್ಸ್) ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿದ್ದು 1999ರ ಮೇ ತಿಂಗಳಲ್ಲಿ. ಹಳೇ ನೋವಿನ ಮಾತ್ರೆಗಳ ಹಾಗೆ ಹೊಟ್ಟೆಯಲ್ಲಿ ಹುಣ್ಣು ಮಾಡಲ್ಲ ಅನ್ನೋದು ಇದರ ಹೆಗ್ಗಳಿಕೆ, ಆ ಮಟ್ಟಿಗೆ ಅದು ನಿಜವೂ ಹೌದು. ಅದನ್ನು ತೋರಿಸಲು 8,076 ಸಂಧಿವಾತದ ರೋಗಿಗಳ ಮೇಲೆ ಮಾಡಿದ ಪ್ರಯೋಗ 2000ದ ನವೆಂಬರ್‌ನಲ್ಲಿ ಪ್ರಕಟವಾಯಿತು. ಹೊಟ್ಟೆಯ ತೊಂದರೆ ಕಡಿಮೆಯೇ ಇತ್ತು. ಆದರೆ ಹಾರ್ಟ್ ಅಟ್ಯಾಕ್, ನ್ಯಾಪ್ರಾಕ್ಸೆನ್ ಅನ್ನೋ ಹಳೇ ಮಾತ್ರೆ ತಗೊಂಡವರಲ್ಲಿ ಶೇಕಡಾ 0.1, ಇದನ್ನು ತಗೊಂಡವರಲ್ಲಿ 0.4. ಕಂಪನಿ ಏನೆಂದಿತು ಗೊತ್ತೆ? ನಮ್ಮ ಮಾತ್ರೆ ಹೃದಯಕ್ಕೆ ಕೆಟ್ಟದ್ದು ಮಾಡುತ್ತಿಲ್ಲ, ನ್ಯಾಪ್ರಾಕ್ಸೆನ್ ಒಳ್ಳೆಯದು ಮಾಡುತ್ತಿದೆ! ಎರಡೇ ಗುಂಪು ಇದ್ದದ್ದರಿಂದ, ಸುಮ್ಮನೆ ಸಕ್ಕರೆ ಮಾತ್ರೆ ನುಂಗುವ ಮೂರನೇ ಗುಂಪು ಇಲ್ಲದ್ದರಿಂದ, ಆ ವಾದವನ್ನು ಅಲ್ಲಗಳೆಯುವುದೂ ಸುಲಭ ಇರಲಿಲ್ಲ. ಮೂರು ಹಾರ್ಟ್ ಅಟ್ಯಾಕುಗಳು ಆ ಲೇಖನದ ಲೆಕ್ಕದಿಂದ ಬಿಟ್ಟುಹೋಗಿದ್ದವು ಅಂತ 2005ರ ಡಿಸೆಂಬರ್‌ನಲ್ಲಿ ಪ್ರಕಟಿಸಿದ ಪತ್ರಿಕೆಯೇ ಕಳವಳ ತೋಡಿಕೊಂಡಿತು.

ಉತ್ತರ ಇದ್ದದ್ದು ಬೇರೆ ಕಡೆ, ಕ್ಯಾಲಿಫೋರ್ನಿಯಾದ ಕೈಸರ್ ಪರ್ಮನೆಂಟೆ ಅನ್ನೋ ಸಂಸ್ಥೆಯ ಕಂಪ್ಯೂಟರುಗಳಲ್ಲಿ. ಅಲ್ಲಿ ವಿಮೆಯೂ ಅವರದೇ, ಆಸ್ಪತ್ರೆಯೂ ಅವರದೇ, ಮೆಡಿಕಲ್ ಶಾಪೂ ಅವರದೇ. ಯಾರಿಗೆ ಯಾವತ್ತು ಯಾವ ಮಾತ್ರೆ ಕೊಟ್ಟರು, ಯಾವತ್ತು ಯಾವ ರೋಗಕ್ಕೆ ಅಡ್ಮಿಟ್ ಆದರು, ಎಲ್ಲವೂ ಒಬ್ಬೊಬ್ಬರ ಒಂದೊಂದು ನಂಬರಿನಡಿ. ಯಾರೂ ಅನುಮಾನಪಟ್ಟು ಬರೆಯಬೇಕಾಗಿಲ್ಲ, ದಿನನಿತ್ಯದ ವ್ಯವಹಾರವೇ ದಾಖಲೆ. ತಾತನ ಲೆಕ್ಕದ ಪುಸ್ತಕದ ಹಾಗೆ. ಇಂಥ ಭಂಡಾರದ ಬೆಲೆಯನ್ನು ಮೊದಲೇ ಅರಿತವರು ಬ್ರಿಟನ್ನಿನಲ್ಲೂ ಇದ್ದರು: 1987ರಲ್ಲಿ ವ್ಯಾಂಪ್ ಅನ್ನೋ ಕಂಪನಿ ಅಲ್ಲಿನ ಡಾಕ್ಟರುಗಳಿಗೆ ಪುಕ್ಕಟೆ ಕಂಪ್ಯೂಟರ್ ಕೊಟ್ಟು, ಬದಲಿಗೆ ಹೆಸರು ತೆಗೆದ ರೋಗಿಗಳ ದಾಖಲೆ ಪಡೆಯುತ್ತಿತ್ತು. ಅದೇ ಇವತ್ತಿಗೂ ಸರ್ಕಾರದ ಕೈಯಲ್ಲಿ ಸಂಶೋಧನೆಗೆ ಬಳಕೆಯಾಗುತ್ತಿರುವ ದೊಡ್ಡ ಡೇಟಾಬೇಸು.

ಅಮೆರಿಕದ ಔಷಧ ಇಲಾಖೆ ಎಫ್‌ಡಿಎಯ ಡೇವಿಡ್ ಗ್ರಹಾಂ ಕೈಸರ್‌ನವರ ಜೊತೆ ಸೇರಿ ನೋವಿನ ಮಾತ್ರೆ ನುಂಗಿದ ಸುಮಾರು 14 ಲಕ್ಷ ಜನರ ದಾಖಲೆ ಜಾಲಾಡಿದರು. ಗಂಭೀರ ಹೃದ್ರೋಗಕ್ಕೆ ತುತ್ತಾದವರು 8,143 ಜನ. ಒಬ್ಬೊಬ್ಬರಿಗೂ ಅದೇ ವಯಸ್ಸಿನ, ಅದೇ ಲಿಂಗದ, ಹೃದಯ ಸರಿಯಿದ್ದ ಸುಮಾರು ನಾಲ್ಕು ಜನರನ್ನು ಅದೇ ದಾಖಲೆಯಿಂದ ಎತ್ತಿ ಪಕ್ಕದಲ್ಲಿ ನಿಲ್ಲಿಸಿ, ಆ ದಿನ ಯಾರ ಕೈಯಲ್ಲಿ ಯಾವ ಮಾತ್ರೆ ಇತ್ತು ಅಂತ ನೋಡಿದರು. ಅದೇ ಜಾತಿಯ ಇನ್ನೊಂದು ಮಾತ್ರೆ ಸೆಲೆಕಾಕ್ಸಿಬ್ ತಗೊಂಡವರಿಗೆ ಹೋಲಿಸಿದರೆ ರೋಫೆಕಾಕ್ಸಿಬ್‌ನವರಿಗೆ ಅಪಾಯ ಒಂದೂವರೆ ಪಟ್ಟಿಗಿಂತ ಸ್ವಲ್ಪ ಹೆಚ್ಚು, 25 ಮಿ.ಗ್ರಾಂ. ಮೀರಿದ ಡೋಸಿನಲ್ಲಿ ಮೂರೂವರೆ ಪಟ್ಟು.

ಗ್ರಹಾಂ ಇದನ್ನು 2004ರ ಆಗಸ್ಟ್‌ನಲ್ಲಿ ಫ್ರಾನ್ಸಿನ ಬೋರ್ಡೋದಲ್ಲಿ ಮಂಡಿಸಿದರು. ಸೆಪ್ಟೆಂಬರ್ 30ರಂದು ಕಂಪನಿ ತಾನಾಗಿ ಮಾತ್ರೆಯನ್ನು ಜಗತ್ತಿನಾದ್ಯಂತ ವಾಪಸ್ ತೆಗೆಯಿತು. ಆದರೆ ಅದಕ್ಕೆ ಕೊಟ್ಟ ಕಾರಣ ಈ ಅಧ್ಯಯನ ಅಲ್ಲ. ಕರುಳಿನ ಗಂಟುಗಳನ್ನು ತಡೆಯುತ್ತದೆಯೇ ಅಂತ ನೋಡಲು 2,586 ಜನರ ಮೇಲೆ ಮಾಡುತ್ತಿದ್ದ ಪ್ರಯೋಗದಲ್ಲಿ, ಕೊನೆಗೂ ಸಕ್ಕರೆ ಮಾತ್ರೆಯ ಗುಂಪಿನ ಎದುರಿಗೇ, ಹೃದಯದ ಅಪಾಯ ಸುಮಾರು ಎರಡರಷ್ಟು ಅಂತ ಕಂಡಿತ್ತು. ನವೆಂಬರ್ 18ರಂದು ಗ್ರಹಾಂ ಸೆನೆಟ್ ಸಮಿತಿಯ ಮುಂದೆ ಕೂತು, ತೀರ್ಮಾನ ಮೆದು ಮಾಡು ಅಂತ ತನ್ನ ಮೇಲಧಿಕಾರಿಗಳೇ ಒತ್ತಡ ಹಾಕಿದರು ಅಂದರು. 2005ರಲ್ಲಿ ಲ್ಯಾನ್ಸೆಟ್‌ನಲ್ಲಿ (ಹೌದು, ಅದೇ ಲ್ಯಾನ್ಸೆಟ್) ಬಂದ ಅವರ ಅಂದಾಜು: ಅಮೆರಿಕ ಒಂದರಲ್ಲೇ ಈ ಮಾತ್ರೆಯಿಂದ ಹೆಚ್ಚುವರಿಯಾಗಿ ಆದ ಗಂಭೀರ ಹೃದ್ರೋಗದ ಪ್ರಕರಣಗಳು 88,000ದಿಂದ 1,40,000. ಅಂದಾಜಿನ ಬಗ್ಗೆ ತಕರಾರು ಇದ್ದವು, ಇರಲಿ. 2007ರಲ್ಲಿ ಕಂಪನಿ ಮೊಕದ್ದಮೆಗಳನ್ನು ಮುಗಿಸಿಕೊಳ್ಳಲು 485 ಕೋಟಿ ಡಾಲರ್ ಕೊಡಲು ಒಪ್ಪಿತು.

ನಮ್ಮಲ್ಲಿ ರೋಫೆಕಾಕ್ಸಿಬ್ ನಿಷೇಧವಾದದ್ದು 2004ರ ಡಿಸೆಂಬರ್‌ನಲ್ಲಿ. ತಾತನ ವರ್ಷಾಬ್ದಿಕಕ್ಕೆ ಇನ್ನು ಮೂರು ತಿಂಗಳಿತ್ತು.

ಈ ಹಗರಣದ ನಂತರ ಅಮೆರಿಕದ ಸಂಸತ್ತು 2007ರಲ್ಲಿ ಕಾನೂನು ಮಾಡಿತು: 2010ಕ್ಕೆ ಎರಡೂವರೆ ಕೋಟಿ, 2012ಕ್ಕೆ ಹತ್ತು ಕೋಟಿ ಜನರ ಆರೋಗ್ಯ ದಾಖಲೆಯನ್ನು ಹುಡುಕುವ ವ್ಯವಸ್ಥೆ ಆಗಬೇಕು. ಅದೇ ಸೆಂಟಿನೆಲ್. ಇದರ ವಿನ್ಯಾಸ ನನಗೆ ಬಹಳ ಹಿಡಿಸಿತು. ಹತ್ತು ಕೋಟಿ ಜನರ ರೋಗದ ವಿವರವನ್ನು ಒಂದೇ ಕಡೆ ಗುಡ್ಡೆ ಹಾಕಿದರೆ ಕಳ್ಳತನದ ಭಯ, ಕಂಪನಿಗಳೂ ಕೊಡಲ್ಲ. ಅದಕ್ಕೆ ಅವರು ಡೇಟಾವನ್ನು ತರಿಸಲೇ ಇಲ್ಲ, ಪ್ರಶ್ನೆಯನ್ನೇ ಕಳಿಸಿದರು! ಪ್ರತಿ ವಿಮಾ ಕಂಪನಿಯೂ ತನ್ನ ದಾಖಲೆಯನ್ನು ಒಂದೇ ನಮೂನೆಯ ಟೇಬಲ್ಲುಗಳಲ್ಲಿ ತನ್ನ ಹತ್ತಿರವೇ ಇಟ್ಟುಕೊಳ್ಳುತ್ತೆ. ಎಲ್ಲರಿಗೂ ಒಂದೇ ಪ್ರೋಗ್ರಾಂ ಹೋಗುತ್ತೆ, ಅವರವರು ಓಡಿಸಿ ಒಟ್ಟು ಮೊತ್ತ ಮಾತ್ರ ವಾಪಸ್ ಕಳಿಸ್ತಾರೆ.

ಇದು ಮಾತ್ರೆಯನ್ನು ಸಿಕ್ಕಿಸುವುದಕ್ಕೆ ಮಾತ್ರ ಅಲ್ಲ, ಬಿಡಿಸುವುದಕ್ಕೂ ಬಳಕೆಯಾಯಿತು. ರಕ್ತ ತೆಳು ಮಾಡುವ ಡಬಿಗಾಟ್ರಾನ್ 2010ರಲ್ಲಿ ಬಂದಾಗ ರಕ್ತಸ್ರಾವದ ದೂರುಗಳು ಮಳೆಯಂತೆ ಸುರಿದವು. ಆದರೆ ವಿಮಾ ದಾಖಲೆಯಲ್ಲಿ ನೋಡಿದರೆ ಹಳೇ ವಾರ್ಫರಿನ್‌ಗಿಂತ ಹೆಚ್ಚೇನೂ ಇರಲಿಲ್ಲ. ಹೊಸ ಮಾತ್ರೆ ಅಂತ ಡಾಕ್ಟರುಗಳು ಕಣ್ಣಲ್ಲಿ ಕಣ್ಣಿಟ್ಟು ಕಾದಿದ್ದರು, ಹಳೆಯದರ ರಕ್ತಸ್ರಾವ ಎಲ್ಲರಿಗೂ ಮಾಮೂಲಾಗಿಹೋಗಿತ್ತು, ಅಷ್ಟೇ. ಹಾಗಂತ ವಿಮೆ ದಾಖಲೆಯನ್ನು ಕಣ್ಣುಮುಚ್ಚಿ ನಂಬುವ ಹಾಗೂ ಇಲ್ಲ. ಯಾರು ಬೀಡಿ ಸೇದುತ್ತಾರೆ ಅನ್ನೋದು ಬಿಲ್ಲಿನಲ್ಲಿ ಇರಲ್ಲವಲ್ಲ.

ನಮ್ಮ ದೇಶದಲ್ಲಿ? ಉಪ್ಸಾಲಾದ ಬಳಗಕ್ಕೆ ನಾವು ಸೇರಿದ್ದು 1998ರಲ್ಲಿ. ಈಗಿನ ರಾಷ್ಟ್ರೀಯ ಕಾರ್ಯಕ್ರಮ 2010ರಲ್ಲಿ ಶುರುವಾಗಿ, ಮರುವರ್ಷದಿಂದ ಗಾಜಿಯಾಬಾದಿನಲ್ಲಿರುವ ಭಾರತೀಯ ಫಾರ್ಮಕೋಪಿಯಾ ಆಯೋಗದ ಕೈಯಲ್ಲಿದೆ. ಡಾಕ್ಟರುಗಳಷ್ಟೇ ಅಲ್ಲ, ನಾವೂ ನೀವೂ ದೂರು ಬರೆಯಬಹುದು, ಕನ್ನಡದಲ್ಲೂ ಫಾರಂ ಇದೆ. ನನಗಂತೂ ಟ್ರಂಕು ತೆಗೆಯುವ ತನಕ ಇದ್ಯಾವುದೂ ಗೊತ್ತಿರಲಿಲ್ಲ. ಕೈಸರ್‌ನಂಥ, ಚೀಟಿ, ಮಾತ್ರೆ, ಆಸ್ಪತ್ರೆ ಎಲ್ಲ ಒಂದೇ ನಂಬರಿಗೆ ಹೊಂದುವ ದಾಖಲೆ ನಮ್ಮಲ್ಲಿ ಇನ್ನೂ ದೂರದ ಮಾತು. ನಮ್ಮೂರಿನ ಮೆಡಿಕಲ್ ಶಾಪಿನಲ್ಲಿ ಬಿಲ್ ಕೇಳಿದರೆ ಹುಡುಗ ನನ್ನ ಮುಖ ನೋಡ್ತಾನೆ.

ಹೋದ ತಿಂಗಳು ನಾನೂ ಒಂದು ಫಾರಂ ತುಂಬಲು ಕೂತೆ. ಅಮ್ಮನಿಗೆ ಬಿಪಿಗೆ ಎನಲಾಪ್ರಿಲ್ ಶುರು ಮಾಡಿದ ಮೂರು ವಾರಕ್ಕೆ ಒಣಕೆಮ್ಮು ಹತ್ತಿಕೊಂಡಿತ್ತು. ಎರಡು ತಿಂಗಳು ಕಷಾಯ, ಜೇನುತುಪ್ಪ, ಮೂರು ಬಾಟಲಿ ಸಿರಪ್ಪು ಎಲ್ಲಾ ಆಯಿತು. ಆ ಜಾತಿಯ ಮಾತ್ರೆಗೆ ಕೆಮ್ಮು ಬರುವುದು ದಶಕಗಳಿಂದ ಗೊತ್ತಿರುವ ವಿಷಯ, ಡಾಕ್ಟರು ಮಾತ್ರೆ ಬದಲಾಯಿಸಿದ ಮೇಲೆ ನಿಂತಿತು. ಫಾರಂನಲ್ಲಿ ಮಾತ್ರೆಯ ಹೆಸರು, ಡೋಸು, ಏನಾಯಿತು, ಎಲ್ಲ ಬರೆದೆ. ಯಾವತ್ತು ಶುರು ಮಾಡಿದ್ದು ಅನ್ನೋದಕ್ಕೆ ಅಮ್ಮ 'ಗೌರಿ ಹಬ್ಬದ ಹಿಂದಿನ ವಾರ ಕಣೋ' ಅಂದಳು, ಕ್ಯಾಲೆಂಡರ್ ನೋಡಿ ತಾರೀಖು ಹಾಕಿದೆ. ಬ್ಯಾಚ್ ನಂಬರ್ ಅನ್ನೋ ಕಡೆ ನಿಂತೆ. ಅಂಗಡಿಯವನು ಹತ್ತು ಮಾತ್ರೆಯ ಸ್ಟ್ರಿಪ್ಪನ್ನು ಕತ್ತರಿಯಲ್ಲಿ ಕತ್ತರಿಸಿ ಆರು ಕೊಟ್ಟಿದ್ದ. ನಂಬರ್ ಇದ್ದದ್ದು ಅವನ ಹತ್ತಿರವೇ ಉಳಿದ ನಾಲ್ಕರ ತುಂಡಿನಲ್ಲಿ. ಆ ಜಾಗ ಖಾಲಿ ಬಿಟ್ಟು ಕಳಿಸಿದ್ದೀನಿ.